ವಾರಗಿತ್ತಿಯರ ನಾಯಿಕಜ್ಜಿ

ಚಿನ್ಯಾಂಗೊ ಊರಿನಲ್ಲಿ ಮಗುವಿಗೆ ಹೆಸರಿಡುವಾಗ ತಾತ ಮುತ್ತಾತರನ್ನು ನೆನೆಯುತ್ತಾರೆ, ನಾಯಿಗೆ ಹೆಸರಿಡುವಾಗ ಪಕ್ಕದ ಮನೆಯವರನ್ನು ನೆನೆಯುತ್ತಾರೆ. ನೆರೆಯವರ ಮೇಲೆ ಸಿಟ್ಟಿದ್ದರೆ ಅವರ ಅಂಗಳದಲ್ಲಿ ನಿಂತು ಕೂಗಾಡುವುದು ಗತಿಗೆಟ್ಟವರ ಕೆಲಸ. ಮರ್ಯಾದಸ್ಥರು ಒಂದು ಮರಿ ತಂದು, ಹೇಳಬೇಕಾದ ಮಾತನ್ನೇ ಅದಕ್ಕೆ ಹೆಸರಾಗಿಟ್ಟು, ಹೊತ್ತು ಹೊತ್ತಿಗೂ ಗಂಟಲೆತ್ತಿ ಕರೆಯುತ್ತಾರೆ. ತನ್ನ ನಾಯಿಯನ್ನು ತಾನು ಕರೆದದ್ದಕ್ಕೆ ಯಾವ ಪಂಚಾಯಿತಿಯೂ ದಂಡ ಹಾಕುವಂತಿಲ್ಲ.

ಮಾಯಿ ಫುಂಗಿಸಾಯಿ, ಎಂದರೆ ಫುಂಗಿಸಾಯಿಯ ತಾಯಿ, ತನ್ನ ನಾಯಿಗೆ ಮುಚಾದುರಾ ಎಂದು ಹೆಸರಿಟ್ಟಿದ್ದಳು. 'ನೀವಾಗಿಯೇ ಒಪ್ಪಿಕೊಳ್ಳುತ್ತೀರಿ' ಎಂದು ಅದರ ಅರ್ಥ. ಒಪ್ಪಿಕೊಳ್ಳಬೇಕಾಗಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ ಮಾಯಿ ಕುಂದಾಯಿ. ಅತ್ತೆಯ ಸಾವಿನ ಅಡಿಗೆಗೆಂದು ಹಿರಿಯವಳು ತನ್ನ ಮೂರು ಕಾಲಿನ ಕಬ್ಬಿಣದ ಗಡಿಗೆ ಕೊಟ್ಟಿದ್ದಳು. ಅದು ಹೋಗುವಾಗ ಮೂರು ಕಾಲಿನಲ್ಲಿ ಹೋಗಿ, ಬರುವಾಗ ಎರಡೂವರೆ ಕಾಲಿನಲ್ಲಿ ಬಂತು. ಕೊಟ್ಟಾಗಲೇ ಹಾಗಿತ್ತು ಎಂದು ಕಿರಿಯವಳ ವಾದ. ವಾದವನ್ನು ಬಾಯಲ್ಲಿ ಆಡಲು ಅವಳಿಗೂ ಮರ್ಯಾದೆ ಅಡ್ಡ ಬಂತು. ಅದೇ ಸೂಲಿನ ಇನ್ನೊಂದು ಮರಿಯನ್ನು ತಂದು ತಿಚಾವೊನಾ ಎಂದು ಹೆಸರಿಟ್ಟಳು. ಎಂದರೆ, 'ನೋಡೇ ಬಿಡೋಣ'.

ಅಲ್ಲಿಂದ ಮುಂದೆ ಬೆಳಗಾದರೆ ಆ ಅಂಗಳದಿಂದ "ಮುಚಾದುರಾ" ಎಂಬ ಕೂಗು, ಈ ಅಂಗಳದಿಂದ "ತಿಚಾವೊನಾ" ಎಂಬ ಉತ್ತರ. ನಡುವೆ ನೀರಿಗೆ ಹೋಗುವವರು ನಿಂತು ಕೇಳಿ ಹೋಗುತ್ತಿದ್ದರು. ಗಂಡಂದಿರು ಅಣ್ಣತಮ್ಮಂದಿರು. ಈ ಹೊತ್ತಿನಲ್ಲಿ ಇಬ್ಬರೂ ಎದುರಿನ ಬಂಡೆಗುಡ್ಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ತಮ್ಮ ಹೆಸರಿನ ಅರ್ಥ ಗೊತ್ತಿಲ್ಲದ ಆ ಎರಡು ನಾಯಿಗಳು ಮಾತ್ರ, ಎರಡು ಮನೆಗಳ ನಡುವೆ ಮಾವ ಕಂಬಗಳ ಮೇಲೆ ಕಟ್ಟಿಹೋಗಿದ್ದ ಕಣಜದ ಕೆಳಗೆ, ಒಂದರ ಹೊಟ್ಟೆಗೆ ಇನ್ನೊಂದು ಮೂತಿ ತೂರಿಸಿಕೊಂಡು, ಒಂದೇ ಹಳೆಯ ಗೋಣಿಚೀಲದ ಮೇಲೆ ಮಲಗುತ್ತಿದ್ದವು.

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ತಿಚಾವೊನಾ ಕೆರೆದುಕೊಳ್ಳಲು ಶುರುಮಾಡಿತು.

ಕೆರೆತವೆಂದರೆ ಎಂಥದ್ದು. ಊಟ ಬಿಟ್ಟು ಕೆರೆಯುತ್ತಿತ್ತು, ನಡೆಯುವುದನ್ನು ನಿಲ್ಲಿಸಿ ಕೆರೆಯುತ್ತಿತ್ತು. ಕಿವಿಯ ಅಂಚು ಒಣಗಿದ ಗಂಜಿಯ ಹಾಗೆ ಹಕ್ಕಳೆಗಟ್ಟಿತು, ಮೊಣಕೈ ಬೋಳಾಯಿತು. ಮಾಯಿ ಕುಂದಾಯಿಗೆ ಚಿಂತೆ ಹತ್ತಿತು. ಅದು ನಾಯಿಯ ಮೇಲಿನ ಅಕ್ಕರೆಯಿಂದ ಮಾತ್ರವಲ್ಲ. ಅವಳ ಹೊಲ ಗುಡ್ಡದ ಬುಡದಲ್ಲಿತ್ತು, ಗುಡ್ಡ ಬಬೂನ್ ಕೋತಿಗಳದಾಗಿತ್ತು. ಗಂಡ ರಸ್ತೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಕೋತಿಗಳು ಬರುವುದು ಹಗಲಿನಲ್ಲಿ. ಗಂಡಸು ಕವಣೆ ಬೀಸಿದರೆ ಓಡುವ ಆ ಜಾತಿ, ಹೆಂಗಸು ಕೋಲೆತ್ತಿದರೆ ತಲೆ ಓರೆ ಮಾಡಿ ನೋಡುತ್ತದೆ. ಕಳೆದ ವರ್ಷ ಗಂಡನ ಪ್ಯಾಂಟು ಹಾಕಿ, ಟೋಪಿ ಇಟ್ಟು ಹೊಲಕ್ಕೆ ಹೋಗಿದ್ದಳು. ದೊಡ್ಡ ಗಂಡುಕೋತಿ ಅವಳ ನಡಿಗೆ ನೋಡಿ, ವೇಷದ ಬೆಲೆ ತಿಳಿದು, ಇನ್ನೊಂದು ತೆನೆ ಮುರಿದುಕೊಂಡಿತ್ತು. ಆ ವರ್ಷ ಅರ್ಧ ಹೊಲ ಗುಡ್ಡ ಹತ್ತಿತು. ಈ ವರ್ಷ ನಂಬಿದ್ದು ನಾಯಿಯನ್ನು. ನಾಯಿಯೋ, ತನ್ನ ಮೈಯನ್ನೇ ಕಾಯಲಾರದೆ ಕೂತಿತ್ತು.

ನಾಯಿಗೆ ಕಾಯಿಲೆ ಬಂದರೆ ಊರಿನಲ್ಲಿ ವೈದ್ಯರಿಗೇನೂ ಬರವಿಲ್ಲ. ತನ್ನ ನಾಯಿಯನ್ನು ಬದುಕಿಸಿಕೊಳ್ಳದವರೂ ಪರರ ನಾಯಿಗೆ ಔಷಧಿ ಹೇಳಬಲ್ಲರು. ಹಿಂದೆ ತಿಚಾವೊನಾ ಕೋಳಿಗೂಡಿಗೆ ನುಗ್ಗಿ ಮೊಟ್ಟೆ ಕದಿಯುತ್ತಿದ್ದಾಗ, ಕುದಿಯುವ ಮೊಟ್ಟೆಯನ್ನು ಬಾಯಿಗೆ ಹಾಕಿ ಮೂತಿ ಒತ್ತಿ ಹಿಡಿಯಬೇಕು ಎಂದು ಒಬ್ಬಳು ಹೇಳಿದ್ದಳು. ಮಾಯಿ ಕುಂದಾಯಿ ಹಾಗೇ ಮಾಡಿದ್ದಳು. ಅವಳ ಬೆರಳು ಸುಟ್ಟಿತು, ನಾಯಿಯ ನಾಲಿಗೆಯಲ್ಲಿ ಬೊಬ್ಬೆ ಎದ್ದಿತು. ಅದರಿಂದ ನಾಯಿ ಕಲಿತದ್ದು ಇಷ್ಟೇ, ಮೊಟ್ಟೆಯನ್ನು ಗೂಡಿನಿಂದ ತಿನ್ನಬೇಕೇ ಹೊರತು ಮಾಯಿಯ ಕೈಯಿಂದ ತಿನ್ನಬಾರದು. ಕೊನೆಗೆ ಗೂಡಿಗೊಂದು ಬಾಗಿಲು ಮಾಡಿಸಿದಾಗ ಕಳ್ಳತನ ನಿಂತಿತು. ಇನ್ನೊಬ್ಬ ಪುಣ್ಯಾತ್ಮ, ಮೂಗಿಗೆ ಖಾರದ ಪುಡಿ ಊದಿದರೆ ನಾಯಿ ಹುಲಿಯಾಗುತ್ತದೆ ಎಂದಿದ್ದ. ಅವನ ನಾಯಿ ಸೀನುತ್ತ ಕೂತಿದ್ದಾಗಲೇ ಅವನ ಮೇಕೆ ಕಳುವಾಯಿತು. ಆದರೂ ಸಲಹೆ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಕಜ್ಜಿಗೆ ಔಷಧಿ ಹೇಳಿದವನು ಹಿಟ್ಟಿನ ಗಿರಣಿಯ ಸೆಕುರು ಫಿನಿಯಾಸ್. ವಯಸ್ಸಿನಲ್ಲಿ ಎಲ್ಲರಿಗೂ ಸೆಕುರು, ಎಂದರೆ ಅಜ್ಜ.

"ಸುಟ್ಟ ಎಂಜಿನ್ ಎಣ್ಣೆ ಬಳಿ ಕಣಮ್ಮಾ. ತಲೆಯಿಂದ ಬಾಲದ ತನಕ. ನನ್ನ ಗಿರಣಿಗೆ ಇಪ್ಪತ್ತು ವರ್ಷದಿಂದ ಹಾಕ್ತಿದೀನಿ, ಒಂದು ದಿನ ತುರಿಕೆ ಅಂದಿಲ್ಲ."

ಬಳಿದಳು. ನಾಯಿ ಕೂಡಲೇ ತನ್ನನ್ನು ತಾನು ನೆಕ್ಕಿ ಶುಚಿ ಮಾಡಿಕೊಳ್ಳತೊಡಗಿತು. ಸಂಜೆಗೆ ವಾಂತಿ, ರಾತ್ರಿಗೆ ನಡುಕ. ಎರಡು ದಿನ ಒಣಮೀನಿನ ಸಾರಿನಲ್ಲಿ ಕಲಸಿದ ಸಾಡ್ಜಾ ಮುದ್ದೆಯನ್ನೂ ಮೂಸಲಿಲ್ಲ. ಸೋಪು ಹಾಕಿ ತಿಕ್ಕಿ ತೊಳೆದು, ಚಮಚದಲ್ಲಿ ನೀರು ಕುಡಿಸಿ, ಹೇಗೋ ಉಳಿಸಿಕೊಂಡಳು. ಆ ತೊಳೆತಕ್ಕೋ ಏನೋ ತುರಿಕೆ ಸ್ವಲ್ಪ ಇಳಿಯಿತು. ಎಣ್ಣೆಯ ಮಹಿಮೆ ಎಂದು ಸೆಕುರು ಫಿನಿಯಾಸ್ ಊರೆಲ್ಲ ಹೇಳಿಕೊಂಡು ಬಂದ. ಇನ್ನೊಂದು ವಾರಕ್ಕೆ ಕಜ್ಜಿ ಬೆನ್ನಿಗೇರಿತು. ಆಗ ಅವನು ಗಿರಣಿಯಲ್ಲಿ ಬಹಳ ಕೆಲಸವಿದೆ ಎಂದ.

ಆ ಅಂಗಳದಲ್ಲೂ ಸುಖವಿರಲಿಲ್ಲ. ಮಾಯಿ ಫುಂಗಿಸಾಯಿ ಮುಚಾದುರಾನ ಮೈಗೆ ನಶ್ಯ ಕಲಸಿದ ಬೂದಿ ಮೆತ್ತಿದ್ದನ್ನೂ, ಅದು ಜೊಲ್ಲು ಸುರಿಸುತ್ತ ಕುಡುಕನ ಹಾಗೆ ತೂರಾಡಿದ್ದನ್ನೂ ಮಾಯಿ ಕುಂದಾಯಿ ಅಡಿಗೆಮನೆಯ ಕಂಡಿಯಿಂದ ನೋಡಿದ್ದಳು. ಪಾಪ ಎನಿಸಿತು, ನಾಯಿಯ ಬಗ್ಗೆ ಮಾತ್ರ.

ಈ ನಡುವೆ ಅವಳ ಮುಂಗೈಯಲ್ಲೂ ಸಣ್ಣ ಸಣ್ಣ ಗುಳ್ಳೆ ಎದ್ದು ನವೆ ಶುರುವಾಯಿತು. ಭಾನುವಾರ ಚರ್ಚಿನಲ್ಲಿ, ಹಾಡಿನ ನಡುವೆ ಕೈ ಕೆರೆದುಕೊಳ್ಳುತ್ತಿದ್ದಾಗ, ಎರಡು ಬೆಂಚು ಮುಂದೆ ಕೂತ ಮಾಯಿ ಫುಂಗಿಸಾಯಿಯೂ ತಾಳಕ್ಕೆ ಸರಿಯಾಗಿ ಕೈ ಕೆರೆಯುತ್ತಿರುವುದು ಕಂಡಿತು. ಹಿರಿಯವಳು ತಿರುಗಿ ನೋಡಿದಳು. ಇಬ್ಬರ ಮನಸ್ಸಿನಲ್ಲೂ ಒಂದೇ ಯೋಚನೆ ಬಂತು: ಇವಳು ನನಗೆ ಏನೋ ಮಾಡಿಸಿದ್ದಾಳೆ. ಹಾಗೆ ಮಾಡಿಸಿದವಳು ತಾನೇ ಯಾಕೆ ಕೆರೆದುಕೊಳ್ಳುತ್ತಾಳೆ ಎಂದು ಕೇಳಿಕೊಳ್ಳುವಷ್ಟು ಬಿಡುವು ದ್ವೇಷಕ್ಕೆ ಇರುವುದಿಲ್ಲ.

ದನಗಳನ್ನು ಉಣ್ಣಿಹುಳದ ಔಷಧಿಯ ತೊಟ್ಟಿಯಲ್ಲಿ ಮುಳುಗಿಸುವ ದಿನ ಬಂತು. ಅವತ್ತು ಸರ್ಕಾರದ ಪಶುಸಹಾಯಕ ವಾ ಮತ್ಸಿಕಾ ನಾಯಿಗಳಿಗೆ ಹುಚ್ಚಿನ ಚುಚ್ಚುಮದ್ದನ್ನೂ ಹಾಕುತ್ತಿದ್ದ. ಸಾಲು ಉದ್ದವಿತ್ತು. ಚುಚ್ಚುವ ಮೊದಲು ನಾಯಿಯ ಹೆಸರನ್ನು ಗಟ್ಟಿಯಾಗಿ ಕೇಳುವುದು ಅವನ ರೂಢಿ. ಊರು ಚುಚ್ಚುಮದ್ದಿನ ದಿನ ಅಷ್ಟು ಉತ್ಸಾಹದಿಂದ ನೆರೆಯುತ್ತಿದ್ದದ್ದೂ ಅದಕ್ಕೇ.

"ಇದರ ಹೆಸರೇನಪ್ಪಾ?"

"ಸಾಲ ತಗೊಂಡವ್ರಿಗೆ ಮರೆವು ಜಾಸ್ತಿ."

"ಮುಂದಿನದು?"

"ಕೊಟ್ಟವ್ರಿಗೆ ಬಾಯಿ ಜಾಸ್ತಿ."

ವಾ ಮತ್ಸಿಕಾ ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮಾಯಿ ಕುಂದಾಯಿಯ ಸರದಿ ಬಂದಾಗ ನಾಯಿಯ ಕಿವಿಯ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿದ. ಅದರ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು.

"ಇದಕ್ಕೆ ಎಣ್ಣೆ ಬಳಿದೋರು ಯಾರು?"

"ಸೆಕುರು ಫಿನಿಯಾಸ್ ಹೇಳಿದ್ರು."

"ಗಿರಣಿಗೆ ಕಜ್ಜಿ ಆದಾಗ ಬಳ್ಕೊಳ್ಳಲಿ. ಗಿರಣಿ ಮೈ ನೆಕ್ಕಲ್ಲ, ನಾಯಿ ನೆಕ್ಕುತ್ತೆ. ಬದುಕಿದ್ದೇ ದೊಡ್ಡದು." ಅವನು ಅವಳ ಕೈ ನೋಡಿದ. "ನಿಮಗೂ ನವೆ ಇದೆಯಾ ಮಾಯಿ?"

ಅವಳು ಕೈಯನ್ನು ಸೆರಗಿನ ಬಟ್ಟೆಯೊಳಗೆ ಎಳೆದುಕೊಂಡಳು. "ಅದು ಬೇರೆ. ಅದು ಜನ ಮಾಡಿಸಿದ್ದು."

"ಹುಳ ಮಾಡಿದ್ದು. ಕಣ್ಣಿಗೆ ಕಾಣದ ಹುಳ, ಚರ್ಮದೊಳಗೆ ಬಿಲ ತೋಡುತ್ತೆ. ನಾಯಿ ವಾಸಿಯಾದ್ರೆ ನಿಮ್ಮದು ತಾನೇ ಹೋಗುತ್ತೆ, ಹೋಗದಿದ್ರೆ ಕ್ಲಿನಿಕ್ಕಿಗೆ ಹೋಗಿ. ಸರಿ, ಇದು ರಾತ್ರಿ ಯಾರ ಜೊತೆ ಮಲಗುತ್ತೆ?"

ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದರು. ವಯಸ್ಸಿಗೆ ಬಂದ ಮಗಳ ಬಗ್ಗೆ ಕೇಳಿದಂತೆ ಮಾಯಿ ಕುಂದಾಯಿಗೆ ಮುಖ ಬಿಸಿಯಾಯಿತು.

"ನಮ್ಮ ನಾಯಿ ನಮ್ಮ ಮನೇಲೇ ಮಲಗುತ್ತೆ."

"ಕಣಜದ ಕೆಳಗೆ, ಒಂದೇ ಚೀಲದ ಮೇಲೆ, ಮುಚಾದುರಾ ಜೊತೆ," ಎಂದು ಹಿಂದಿನಿಂದ ಯಾರೋ ಸಹಾಯ ಮಾಡಿದರು.

ವಾ ಮತ್ಸಿಕಾ ಪೆಟ್ಟಿಗೆಯಿಂದ ಸೂಜಿ ತೆಗೆದ. "ಹುಚ್ಚಿನದು ಈಗ ಹಾಕ್ತೀನಿ. ಕಜ್ಜಿಯದು ಒಂದಕ್ಕೆ ಮಾತ್ರ ಹಾಕಲ್ಲ. ನೀವು ವಾಸಿ ಮಾಡಿದ್ದನ್ನ ಆ ನಾಯಿ ರಾತ್ರಿ ವಾಪಸ್ ಕೊಡುತ್ತೆ. ಅವರು ವಾಸಿ ಮಾಡಿದ್ದನ್ನ ನಿಮ್ಮದು ಕೊಡುತ್ತೆ. ಎರಡಕ್ಕೂ ಒಂದೇ ದಿನ ಔಷಧಿ, ಒಂದೇ ದಿನ ಆ ಚೀಲ ಸುಡಬೇಕು. ಇಬ್ಬರೂ ಒಟ್ಟಿಗೆ ಕರೆದ್ರೆ ಬರ್ತೀನಿ."

"ನಾನು ಅವರನ್ನ ಕರೆಯೋದಾ?"

"ನಾಯಿ ಕರೆಯಲ್ಲ ಮಾಯಿ. ಅದಕ್ಕೆ ಮಾತು ಬರಲ್ಲ. ನಿಮಗೆ ಬರುತ್ತೆ ಅಂತ ಕೇಳಿದೀನಿ."

ಮಾಯಿ ಕುಂದಾಯಿಗೆ ಇದಕ್ಕಿಂತ ಸುಲಭದ ದಾರಿ ಹೊಳೆಯಿತು. ನಾಯಿಯನ್ನು ಮನೆಯಲ್ಲಿ ಕಟ್ಟಿಹಾಕಿದರೆ ಆಯಿತಲ್ಲ. ಹುಟ್ಟಿದಾಗಿನಿಂದ ಜೊತೆಗೆ ಮಲಗಿದ ಪ್ರಾಣಿಯನ್ನು ಕಟ್ಟಿಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಒಂದೇ ರಾತ್ರಿ ಸಾಕಾಯಿತು. ತಿಚಾವೊನಾ ಊಳಿಟ್ಟಿತು, ಕಣಜದ ಕೆಳಗಿನಿಂದ ಮುಚಾದುರಾ ಉತ್ತರ ಕೊಟ್ಟಿತು. ಒಳಗೆ ತಿಚಾವೊನಾ ಬಾಗಿಲ ಕೆಳಗೆ ನೆಲ ಕೆದರಿ ಉಗುರು ಕಿತ್ತುಕೊಂಡಿತು, ಗಂಡನ ಒಂದು ಬೂಟಿನ ನಾಲಿಗೆ ತಿಂದಿತು. ಬೆಳಿಗ್ಗೆ ಗಂಡ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಾಯಿ ಅಣ್ಣನ ಮನೆಗೆ ಹೋಗ್ಬೇಕು ಅಂತಿದೆ," ಎಂದ. "ಮನುಷ್ಯರಿಗಿಂತ ಬುದ್ಧಿ ಇದೆ ಅಂತ ನಾನು ಹೇಳಲ್ಲ. ಬೂಟು ತಿಂದಿದೆಯಲ್ಲ."

ಅದೇ ದಿನ ಕೋತಿಗಳು ಬಂದವು. ಮೊದಲು ಒಂದು ಬಂಡೆಯ ಮೇಲೆ ಕೂತು ಕಾವಲು ಹಿಡಿಯಿತು, ಆಮೇಲೆ ಉಳಿದವು ಇಳಿದವು. ಮಾಯಿ ಕುಂದಾಯಿ ತಗಡು ಬಡಿದಳು, ಕೂಗಿದಳು. ನಾಯಿ ನಾಲ್ಕು ಹೆಜ್ಜೆ ಓಡಿತು, ನಿಂತಿತು, ಕುಂಡೆಯೂರಿ ಕೂತು ಕಿವಿ ಕೆರೆಯಿತು. ದೊಡ್ಡ ಗಂಡುಕೋತಿ ಸುಲಿದ ತೆನೆ ಕೈಯಲ್ಲಿ ಹಿಡಿದು ನಾಯಿಯನ್ನೇ ನೋಡುತ್ತ ತಿಂದಿತು. ಆಟ ನೋಡಲು ಬಂದವರು ಕಡಲೆಕಾಯಿ ತಿನ್ನುವ ಹಾಗೆ. ಒಂದು ಸಾಲು ಬರಿದಾಗುವಷ್ಟು ಹೊತ್ತು ಅವಳು ನೋಡಿದಳು. ಕಾಳಿನಲ್ಲಿ ಇನ್ನೂ ಹಾಲಿತ್ತು. ಈ ಹೊಲ ಹೋದರೆ ಮುಂದಿನ ಸುಗ್ಗಿಯ ತನಕ ಮಕ್ಕಳ ತಟ್ಟೆಗೆ ಸಾಡ್ಜಾ ಬರುವುದು ಯಾವುದೋ ಮನೆಯಿಂದ ಬೇಡಿ. ಹತ್ತಿರದ ಮನೆ ಯಾವುದೆಂದರೆ ಮಾಯಿ ಫುಂಗಿಸಾಯಿಯದು. ಎಲ್ಲ ಬಿಟ್ಟು ಅಲ್ಲಿ ಹಿಟ್ಟು ಬೇಡುವುದಕ್ಕಿಂತ ಈಗಲೇ ಹೋಗಿ ಸೂಜಿಗೆ ಒಪ್ಪಿಗೆ ಬೇಡುವುದು ಮೇಲು ಎನಿಸಿತು.

ಸಂಜೆ ಇಳಿಬಿಸಿಲಿನಲ್ಲಿ ಅಂಗಳ ದಾಟಿ ಹೋಗಿ, ಪದ್ಧತಿಯಂತೆ ಮೊಣಕಾಲೂರಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಮಾಯಿ ಫುಂಗಿಸಾಯಿ ನೆಲಗಡಲೆ ಬಿಡಿಸುತ್ತ ಚಾಪೆಯ ಮೇಲೆ ಕೂತಿದ್ದಳು. ತಲೆಯೆತ್ತಲಿಲ್ಲ. ಪಕ್ಕದಲ್ಲಿ ಮಲಗಿದ್ದ ಮುಚಾದುರಾಗೆ ಮೊಮ್ಮಗುವಿನ ಹಳೆಯ ಸ್ವೆಟರ್ ತೊಡಿಸಲಾಗಿತ್ತು, ಊರಿಗೆ ಕಜ್ಜಿ ಕಾಣದಿರಲೆಂದು.

"ಮುಚಾದುರಾ," ಎಂದಳು ಹಿರಿಯವಳು ನಾಯಿಗೆ, "ನೋಡು, ಯಾರೋ ದಾರಿ ತಪ್ಪಿ ಬಂದಂಗಿದೆ."

"ತಪ್ಪಿಲ್ಲ ಮಾಯಿಗುರು. ದಾರಿ ಇಪ್ಪತ್ತೇ ಹೆಜ್ಜೆ." ಹಿರಿಯ ವಾರಗಿತ್ತಿಯನ್ನು ಮಾಯಿಗುರು, ಕಿರಿಯವಳನ್ನು ಮಾಯಿನಿನಿ ಎನ್ನುವುದು ಊರಿನ ವಾಡಿಕೆ.

"ಹೌದಾ. ಒಂದು ವರ್ಷದಿಂದ ನಾನು ಇಪ್ಪತ್ತು ಮೈಲಿ ಅಂದ್ಕೊಂಡಿದ್ದೆ. ಏನಾದ್ರೂ ಒಪ್ಕೊಳ್ಳೋಕೆ ಬಂದ್ಯಾ?"

"ಇಲ್ಲ. ನಾಯಿ ವಿಷಯಕ್ಕೆ ಬಂದೆ."

"ನನ್ನ ನಾಯಿಗೇನಾಗಿದೆ? ಚೆನ್ನಾಗಿದೆ."

"ಸ್ವೆಟರ್ ಬಹಳ ಚೆನ್ನಾಗಿದೆ."

"ಚಳಿ."

ಸೆಕೆಗೆ ಕೋಳಿಗಳು ಬಾಯಿ ತೆರೆದುಕೊಂಡು ನೆರಳಲ್ಲಿ ಬಿದ್ದಿದ್ದವು. ಮಾಯಿ ಕುಂದಾಯಿ ಅವುಗಳತ್ತ ನೋಡಿದಳು. ಅಷ್ಟರಲ್ಲಿ ಅವಳ ಮುಂಗೈ ನವೆಯಿತು. ತಡೆದಳು, ತಡೆದಳು, ಆಗದೆ ಕೆರೆದಳು. ಕೆರೆತ ಕಂಡರೆ ಸುಮ್ಮನಿರಲಾರದ ಕಾಯಿಲೆ ಅದು. ಹಿರಿಯವಳೂ ನೆಲಗಡಲೆ ಬಿಟ್ಟು ಕೈ ಕೆರೆಯತೊಡಗಿದಳು. ಸ್ವೆಟರಿನೊಳಗೆ ನಾಯಿ ಕೆರೆಯಿತು, ಕಣಜದ ಬಳಿ ತಿಚಾವೊನಾ ಕೆರೆಯಿತು. ನಾಲ್ವರೂ ಇದೇ ಕೆಲಸದಲ್ಲಿದ್ದರು.

"ನಂಗೆ ನೀನು ಏನೋ ಮಾಡಿಸಿದೀಯ ಅಂದ್ಕೊಂಡಿದ್ದೆ," ಎಂದಳು ಮಾಯಿ ಫುಂಗಿಸಾಯಿ.

"ನಾನೂ ನಿಮ್ಮ ಬಗ್ಗೆ ಹಂಗೇ ಅಂದ್ಕೊಂಡಿದ್ದೆ."

"ನಾನು ಮಾಡಿಸೋದಾದ್ರೆ ಇಷ್ಟು ಸಣ್ಣದು ಮಾಡಿಸ್ತಿರಲಿಲ್ಲ ಮಾಯಿನಿನಿ."

ಆಮೇಲೆ ಬಂದ ಮಾತೆಲ್ಲ ನಾಯಿಯದೇ. ಗಡಿಗೆಯ ವಿಷಯ ನಾಯಿ ವಾಸಿಯಾಗುವ ತನಕ ಎತ್ತಬಾರದು ಎಂದು ಕಿರಿಯವಳು ಕೇಳಿಕೊಂಡಳು. ವಾಸಿಯಾದ ಮಾರನೆಯ ದಿನ ಎತ್ತುತ್ತೇನೆ ಎಂದು ಹಿರಿಯವಳು ಮಾತು ಕೊಟ್ಟಳು.

ವಾ ಮತ್ಸಿಕಾ ಬೈಸಿಕಲ್ಲಿನಲ್ಲಿ ಬಂದ. ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನೀರು ಕಾಯಿಸಿ, ಸೋಪು ಹಾಕಿ ಎರಡೂ ನಾಯಿಗಳ ಹಕ್ಕಳೆ ಮೆತ್ತಗಾಗುವ ತನಕ ತೊಳೆಸಿದ. ಅವನು ತೊಳೆಯಲಿಲ್ಲ, ಕಲ್ಲಿನ ಮೇಲೆ ಕೂತು ಹೇಳಿದ. ಭುಜದ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚಿದ. ಚೀಲ ಸುಡಿಸಿದ, ಕಣಜದ ಕೆಳಗಿನ ಮಣ್ಣು ಗುಡಿಸಿ ಬೆಂಕಿಗೆ ಹಾಕಿಸಿದ. ದನದ ಉಣ್ಣಿಹುಳದ ಔಷಧಿಯನ್ನು ಕದ್ದು ತಂದು ದನಕ್ಕೆ ಬೆರೆಸುವಷ್ಟೇ ಗಟ್ಟಿಯಾಗಿ ನಾಯಿಗೆ ಸುರಿದರೆ, ಕಜ್ಜಿಯೂ ಹೋಗುತ್ತದೆ, ನಾಯಿಯೂ ಹೋಗುತ್ತದೆ ಎಂದು ಎಚ್ಚರಿಸಿದ.

"ಎರಡು ವಾರಕ್ಕೆ ಇನ್ನೊಂದು ಸಲ ಚುಚ್ಚಬೇಕು. ಈಗ ಸಾಯೋದು ಹುಳ, ಮೊಟ್ಟೆ ಅಲ್ಲ. ನಡುವೆ ತುರಿಕೆ ನಿಂತ್ರೆ ವಾಸಿಯಾಯ್ತು ಅಂತ ಸುಮ್ಮನಾಗೋದು ಈ ಊರಿನ ದೊಡ್ಡ ರೋಗ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ."

ಹೊಟ್ಟೆಯ ಜಂತಿಗೆಂದು ಒಂದೊಂದು ಮಾತ್ರೆಯನ್ನೂ ಕೊಟ್ಟು ಹೋದ. ಮಾಯಿ ಕುಂದಾಯಿ ಮಾತ್ರೆಯನ್ನು ಸಾಡ್ಜಾ ಉಂಡೆಯಲ್ಲಿಟ್ಟು ಕೊಟ್ಟಳು. ತಿಚಾವೊನಾ ಉಂಡೆ ತಿಂದು, ಮಾತ್ರೆಯನ್ನು ಚೊಕ್ಕವಾಗಿ ಅವಳ ಕಾಲಬಳಿ ಇಟ್ಟಿತು. ಎರಡನೆಯ ಸಲವೂ ಹಾಗೇ.

"ಕೊಡು ಇಲ್ಲಿ," ಎಂದಳು ಮಾಯಿ ಫುಂಗಿಸಾಯಿ. "ಮಕ್ಕಳನ್ನ ಹೆಂಗೆ ಸಾಕಿದ್ಯೋ." ಅವಳು ಮೂರು ಉಂಡೆ ಕಟ್ಟಿದಳು. ಮೊದಲನೆಯದನ್ನು ಬರಿದೇ ಕೊಟ್ಟಳು. ಎರಡನೆಯದರಲ್ಲಿ ಮಾತ್ರೆ. ಅದು ಬಾಯಿಗೆ ಬೀಳುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿದಳು, ಮುಚಾದುರಾನನ್ನೂ ಪಕ್ಕಕ್ಕೆ ಕರೆದಳು. ತನ್ನ ಪಾಲು ತಮ್ಮನಿಗೆ ಹೋದೀತೆಂಬ ಆತುರಕ್ಕೆ ತಿಚಾವೊನಾ ಎರಡನೆಯದನ್ನು ಜಗಿಯದೆ ನುಂಗಿತು.

"ಒಡಹುಟ್ಟಿದೋರು ಎದುರಿಗಿದ್ರೆ ವಿಷಾನೂ ರುಚಿ," ಎಂದಳು ಹಿರಿಯವಳು. ಮಾಯಿ ಕುಂದಾಯಿ ಆ ಉಪಾಯವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಎರಡನೆಯ ಸೂಜಿಯ ಹೊತ್ತಿಗೆ ಕೆರೆತ ನಿಂತಿತ್ತು. ಸಾಕಲ್ಲ, ಯಾಕೆ ಮತ್ತೆ ಎಂದು ಮಾಯಿ ಫುಂಗಿಸಾಯಿ ಗೊಣಗಿದಾಗ, ಕಿರಿಯವಳೇ ನಾಯಿಗಳೆರಡನ್ನೂ ಹಗ್ಗ ಹಾಕಿ ಎಳೆದುಕೊಂಡು ಹೋಗಿ ಚುಚ್ಚಿಸಿಕೊಂಡು ಬಂದಳು. ಕೂದಲು ಮಾತ್ರ ಬಂದಿರಲಿಲ್ಲ. ಬೆನ್ನ ಮೇಲೆ ಬೂದುಬಣ್ಣದ ಬೋಳು ಚರ್ಮ, ಅಲ್ಲಲ್ಲಿ ನವಿರಾದ ರೋಮ. ಎರಡೂ ಅರ್ಧ ಪುಕ್ಕ ಕಿತ್ತ ಕೋಳಿಗಳಂತಿದ್ದವು. ಹೊಲಕ್ಕೆ ತಿಚಾವೊನಾನನ್ನು ಕರೆದರೆ ಮುಚಾದುರಾ ಹಿಂದೆಯೇ ಬಂತು. ಮುಚಾದುರಾ ಬಂದದ್ದಕ್ಕೆ ಮಾಯಿ ಫುಂಗಿಸಾಯಿ ಬಂದಳು. ನಾಯಿಯನ್ನು ನಂಬಲಾಗದವರ ಕೈಗೆ ಬಿಡುವುದಿಲ್ಲ ಎನ್ನುವುದು ಅವಳು ಕೊಟ್ಟ ಕಾರಣ.

ಕೋತಿಗಳು ಬಿಸಿಲೇರಿದ ಮೇಲೆ ಬಂದವು. ದೊಡ್ಡ ಗಂಡು ಹೊಲದ ಅಂಚಿಗೆ ಬಂದು, ಇಬ್ಬರು ಹೆಂಗಸರನ್ನೂ ಎರಡು ಬೋಳು ಪ್ರಾಣಿಗಳನ್ನೂ ನೋಡಿ, ಕಳೆದ ಸಲದ ಧೈರ್ಯದಲ್ಲಿ ತೆನೆಗೆ ಕೈ ಹಾಕಿತು. ತಿಚಾವೊನಾ ಎದ್ದು ನಿಂತಿತು. ಮಾಯಿ ಕುಂದಾಯಿ ಅದರ ಹಿಂಗಾಲನ್ನೇ ನೋಡುತ್ತಿದ್ದಳು. ಕಾಲು ಕಿವಿಗೆ ಹೋಗಲಿಲ್ಲ. ನಾಯಿ ಓಡಿತು, ಪಕ್ಕದಿಂದ ಮುಚಾದುರಾ ಓಡಿತು. ಜೋಳದ ದಂಟುಗಳ ನಡುವೆ ಬೊಗಳಿಕೆ, ಕಿರುಚಾಟ, ಧೂಳು. ಕಾವಲಿನ ಕೋತಿ ಬಂಡೆಯ ಮೇಲಿಂದ ಮೊದಲು ಓಡಿತು, ಕಾವಲಿನವರು ಎಲ್ಲ ಕಡೆಯೂ ಹಾಗೇ. ಉಳಿದವು ಮರಿಗಳನ್ನು ಹೊಟ್ಟೆಗೆ ಕಚ್ಚಿಸಿಕೊಂಡು ಗುಡ್ಡ ಹತ್ತಿದವು. ದೊಡ್ಡದು ಕೊನೆಗೆ, ಕೈಯಲ್ಲಿದ್ದ ತೆನೆಯನ್ನು ಬಿಟ್ಟು ಹೋಯಿತು.

ನಾಯಿಗಳು ನಾಲಿಗೆ ಜೋತುಕೊಂಡು ಮರಳಿದವು. ತಿಚಾವೊನಾನ ಭುಜದಲ್ಲಿ ಉದ್ದಕ್ಕೆ ಸೀಳಿತ್ತು, ಕೋತಿಯ ಹಲ್ಲಿನದು. ಆಳವಿರಲಿಲ್ಲ, ಆದರೆ ರಕ್ತ ಇಳಿಯುತ್ತಿತ್ತು. ಮಾಯಿ ಕುಂದಾಯಿ ಊರಿನ ದಾರಿಗೆ ತಿರುಗಿದಳು.

"ಗಿರಣಿಗೆ ಓಡಬೇಡ," ಎಂದಳು ಮಾಯಿ ಫುಂಗಿಸಾಯಿ. "ಕುಡಿಯೋ ನೀರಿದೆಯಲ್ಲ, ಉಪ್ಪಿದೆಯಲ್ಲ ಬುತ್ತೀಲಿ. ಮೊದಲು ತೊಳಿ. ಆಮೇಲೆ ಆ ಬೈಸಿಕಲ್ ಮನುಷ್ಯನಿಗೆ ತೋರಿಸೋಣ."

ಅವಳು ಕೆಳಗೆ ಕೂತು, ನಾಯಿಯ ತಲೆಯನ್ನು ತನ್ನ ಕಂಕುಳಿಗೆ ಒತ್ತಿ, ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಬೋಳು ಚರ್ಮ ಅವಳ ಮೈಗೆ ತಾಗುತ್ತಿತ್ತು. ತಾಗಲಿ ಎಂಬಂತೆ ಹಿಡಿದಿದ್ದಳು.

"ಗಟ್ಟಿಯಾಗಿ ಹಿಡೀರಿ ಮಾಯಿಗುರು, ಉರಿಯುತ್ತೆ ಅದಕ್ಕೆ."

"ಹಿಡಿದೇ ಇದೀನಿ. ನೀನು ಮಾತು ನಿಲ್ಲಿಸಿ ನೀರು ಹಾಕು."